ದುಡ್ಡು ಕೊಟ್ಟು ಕೊಂಡ ತಡ

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಅಲ್ಲಿ ತಡ ಎಂದರೆ ದಂಡ. ಸಾಲದ ಕಂತು ತಡವಾದರೆ ಗಿರಾಕಿಗೆ ದಂಡ, ಚೆಕ್ಕು ತಡವಾದರೆ ನಮಗೆ ಬೈಗುಳ, ನಾನೇ ತಡವಾದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು. ಇಂಥವನಿಗೆ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ದುಡ್ಡು ಕೊಟ್ಟು ‘ತಡ’ವನ್ನೇ ಕೊಳ್ಳುವ ಯೋಗ ಬಂತು. ಅದರ ಹೆಸರು ಡಿಲೇ ಪೆಡಲ್.

ಗಿಟಾರ್ ನುಡಿಸುವವರು ಕಾಲಿನಿಂದ ಒತ್ತುವ, ಅಂಗೈಯಗಲದ ಡಬ್ಬಿ ಇದು. ಗಿಟಾರಿನಿಂದ ಬಂದ ಸ್ವರವನ್ನು ಒಂದಿಷ್ಟು ಹೊತ್ತು ಹಿಡಿದಿಟ್ಟುಕೊಂಡು, ಆಮೇಲೆ ಮತ್ತೆ ಹೊರಗೆ ಬಿಡುತ್ತದೆ. ಪ್ರತಿಧ್ವನಿ ಮಾಡುವ ಡಬ್ಬಿ ಅನ್ನಿ.

ಇದು ಬೇಕಾದದ್ದು ನನ್ನ ಮೊಮ್ಮಗನಿಗೆ. ಮೀಸೆ ಬಂದರೂ ಮನೆಯಲ್ಲಿ ಅವನು ಪುಟ್ಟನೇ. ಎರಡನೇ ಪಿಯುಸಿ ಮುಗಿಸಿದ್ದಾನೆ. ಅವನಿಗೆ ಎರಡು ಬಗೆಯ ಸಂಗೀತದ ಹುಚ್ಚು. ಒಂದು ಹೆವಿ, ಅಂದರೆ ಕಿಟಕಿಯ ಗಾಜು ಅದುರುವಂಥದ್ದು. 1968ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಬ್ಲಾಕ್ ಸಬ್ಬತ್ ತಂಡ ಇದರ ಮೂಲಪುರುಷರಲ್ಲಿ ಒಂದು. ಆ ತಂಡದ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಕಳೆದುಕೊಂಡರಂತೆ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ನುಡಿಸಿದರಂತೆ. ಈ ಕಥೆ ಕೇಳಿದ ಮೇಲೆ ನನಗೆ ಆ ಗದ್ದಲದ ಮೇಲೆ ಸ್ವಲ್ಪ ಗೌರವ ಬಂತು. ಇನ್ನೊಂದು ಬಗೆ ಆಂಬಿಯೆಂಟ್. ತಂಬೂರಿಯ ಶ್ರುತಿಯಂತೆ ನಿಧಾನ, ಎಲ್ಲಿಗೂ ಅವಸರವಿಲ್ಲ. ಬ್ರಯಾನ್ ಈನೋ ಎಂಬುವರು ವಿಮಾನ ನಿಲ್ದಾಣಗಳಿಗೆಂದೇ ಇಂಥ ಒಂದು ಆಲ್ಬಮ್ ಹೊರತಂದರು.

ಈಗ ದುಡ್ಡಿನ ವಿಷಯ. ನನ್ನ ಹೆಂಡತಿ ಪುಟ್ಟನ ಹೆಸರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಐದು ವರ್ಷದ ಆರ್‌ಡಿ ಕಟ್ಟಿದ್ದಳು. ಕೊನೆಯ ಕೆಲವು ಕಂತು ಕಟ್ಟಲು ಅವಳು ಇರಲಿಲ್ಲ, ನಾನೇ ಕಟ್ಟಿದೆ. ಅಸಲು 30,000, ಜೊತೆಗೆ ಬಡ್ಡಿ. ಪುಟ್ಟ ಪೆಡಲ್ ಕೇಳಿದ. ನನ್ನ ಮಗನಿಗೆ ಸಿಟ್ಟು ಬಂತು. “ಅಪ್ಪಾ, ಇಂಜಿನಿಯರಿಂಗಿಗೆ ಲ್ಯಾಪ್‌ಟಾಪ್ ಬೇಕು. ಅಮ್ಮ ಕೂಡಿಟ್ಟ ದುಡ್ಡನ್ನ ಗಲಾಟೆಗೆ ಸುರಿಯೋದಾ?” ಎಂದ. ಒಂದು ವಾರ ಅಪ್ಪ-ಮಗ ಊಟದ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೊಸೆ ಸಾರು ಬಡಿಸುತ್ತಾ ನನ್ನ ಮುಖ ನೋಡಿದಳು.

ನನಗೆ ಗೊತ್ತಿದ್ದ ದಾರಿ ಒಂದೇ. “ಪುಟ್ಟಾ, ಸಾಲದ ಅರ್ಜಿ ಥರ ಬರೆದು ಕೊಡೋ. ಯಾಕೆ ಬೇಕು, ಎಷ್ಟಾಗುತ್ತೆ, ಇದಿಲ್ಲದಿದ್ರೆ ಯಾವ ಕೆಲಸ ನಿಲ್ಲುತ್ತೆ” ಎಂದೆ. ಮಾರನೇ ದಿನ ಒಂದು ಪುಟ ಬರೆದು ತಂದ. ಮೂರನೇ ಪ್ರಶ್ನೆಗೆ ಒಂದೇ ಸಾಲು ಇತ್ತು: ‘ಅಜ್ಜಿಗೋಸ್ಕರ ಮಾಡ್ತಿರೋ ಹಾಡು ನಿಲ್ಲುತ್ತೆ.’ ಆ ಹಾಳೆಯನ್ನು ಮಗನ ಕೈಗಿಟ್ಟೆ. ಅವನು ಎರಡು ಸಲ ಓದಿದ. ಏನೂ ಹೇಳದೆ ಮಡಚಿ ನನಗೇ ಕೊಟ್ಟು, “ಸರಿಯಾದದ್ದನ್ನ ನೋಡಿ ಕೊಡಿಸಿ” ಎಂದ.

ಸರಿಯಾದದ್ದು ಯಾವುದು? ಅದಕ್ಕೆ ಪ್ರತಿಧ್ವನಿಯ ಲೆಕ್ಕ ತಿಳಿಯಬೇಕಿತ್ತು. ಮಕ್ಕಳೇ, ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನೀವು ಕೂಗಿದ ಅರ್ಧ ಸೆಕೆಂಡಿಗೆ ಕೂಗು ವಾಪಸು ಬರಬೇಕಾದರೆ ಎದುರಿನ ಗೋಡೆ ಸುಮಾರು 86 ಮೀಟರ್ ದೂರ ಇರಬೇಕು, ಏಕೆಂದರೆ ಶಬ್ದ ಹೋಗಿ ಬರಬೇಕಲ್ಲ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಗೊತ್ತು, ಒಂದು ಸದ್ದು ಎಷ್ಟು ಸಲ ತಿರುಗಿ ಬರುತ್ತದೆಂದು. ಆ ಗುಮ್ಮಟವನ್ನು ಚೀಲದಲ್ಲಿ ಹಾಕಿಕೊಂಡು ತಿರುಗಲು ಆಗುವುದಿಲ್ಲ. ಪೆಡಲನ್ನು ಹಾಕಿಕೊಳ್ಳಬಹುದು.

ಮೊದಲು ಈ ಕೆಲಸವನ್ನು ಟೇಪು ಮಾಡುತ್ತಿತ್ತು. ಒಂದು ಕಡೆ ಸ್ವರ ಟೇಪಿಗೆ ಇಳಿಯುತ್ತದೆ, ಟೇಪು ಸ್ವಲ್ಪ ಮುಂದೆ ಹೋದ ಮೇಲೆ ಇನ್ನೊಂದು ಕಡೆ ಕೇಳಿಸುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಪೇಸ್ ಎಕೋ ಎಂಬ ಹೆಸರಾಂತ ಯಂತ್ರ 1974ರದ್ದು. ಅಷ್ಟರಲ್ಲೇ, 1969ರಲ್ಲಿ, ಫಿಲಿಪ್ಸ್ ಕಂಪನಿಯಲ್ಲಿ ಒಂದು ಹೊಸ ಉಪಾಯ ಹುಟ್ಟಿತ್ತು. ಬೆಂಕಿ ಆರಿಸುವಾಗ ಜನ ಸಾಲಾಗಿ ನಿಂತು ಬಕೆಟ್ ದಾಟಿಸುವ ಹಾಗೆ, ವಿದ್ಯುತ್ತನ್ನು ಒಂದರಿಂದ ಒಂದಕ್ಕೆ ದಾಟಿಸುವ ಚಿಪ್ಪು. ನನಗೆ ನೆನಪಾದದ್ದು ನಮ್ಮ ಬ್ಯಾಂಕು. ಫೈಲು ಮೇಜಿನಿಂದ ಮೇಜಿಗೆ ದಾಟುತ್ತಾ ಹೋದಂತೆ ಅಂಚು ಮಾಸುತ್ತಿತ್ತು. ಇಲ್ಲೂ ಹಾಗೆಯೇ, ಸ್ವರದ ಚೂಪು ಕಡಿಮೆಯಾಗಿ ಮೆತ್ತಗಾಗುತ್ತದೆ. ಇದೇ ಅನಲಾಗ್ ಪೆಡಲ್. 1983ರಲ್ಲಿ ಬಾಸ್ ಕಂಪನಿ ಡಿಡಿ-2 ಎಂಬ ಪುಟ್ಟ ಡಿಜಿಟಲ್ ಪೆಡಲ್ ತಂದಿತು. ಡಿಜಿಟಲ್ ಪೆಡಲ್ ಸ್ವರವನ್ನು ಅಂಕಿಗಳಾಗಿ ಬರೆದಿಟ್ಟುಕೊಂಡು ಇದ್ದ ಹಾಗೇ ಒಪ್ಪಿಸುತ್ತದೆ.

ಯಾವುದೇ ಪೆಡಲಿನಲ್ಲಿ ಮುಖ್ಯವಾಗಿ ಮೂರು ಗುಂಡಿ. ಎಷ್ಟು ತಡ, ಎಷ್ಟು ಸಲ, ಎಷ್ಟು ಜೋರು. ‘ಎಷ್ಟು ಸಲ’ ಎಂಬ ಗುಂಡಿಯನ್ನು ಪುಟ್ಟ ವಿವರಿಸಿದಾಗ ನನಗೆ ನಗು ಬಂತು. ಬಿ.ಕಾಂ.ನಲ್ಲಿ ಓದಿದ ಸವಕಳಿ ಲೆಕ್ಕವೇ ಅದು! ಯಂತ್ರದ ಬೆಲೆ ವರ್ಷಕ್ಕೆ ಅರ್ಧ ಇಳಿದರೆ 100, 50, 25, 12.5. ಪ್ರತಿಧ್ವನಿಯೂ ಹೀಗೇ ಸವೆಯುತ್ತಾ ಹೋಗುತ್ತದೆ. ಗುಂಡಿ ಹೆಚ್ಚು ತಿರುಗಿಸಿದರೆ ಸವಕಳಿ ಕಡಿಮೆ, ಸದ್ದು ಬಹಳ ಹೊತ್ತು ಉಳಿಯುತ್ತದೆ. ಮಿತಿ ಮೀರಿ ತಿರುಗಿಸಿದರೆ ಕೆಲವು ಪೆಡಲುಗಳಲ್ಲಿ ಸವಕಳಿ ಹೋಗಿ ಚಕ್ರಬಡ್ಡಿ ಶುರುವಾಗುತ್ತದೆ. ಸದ್ದು ಬೆಳೆಯುತ್ತಾ ಬೆಳೆಯುತ್ತಾ ಕೂಗಾಟವಾಗುತ್ತದೆ.

ತಡ ಎಷ್ಟಿರಬೇಕೆಂಬುದಕ್ಕೂ ಸೂತ್ರವಿದೆ. ಒಂದು ನಿಮಿಷಕ್ಕೆ 60,000 ಮಿಲಿಸೆಕೆಂಡು. ಅದನ್ನು ನಿಮಿಷದ ತಾಳದ ಎಣಿಕೆಯಿಂದ ಭಾಗಿಸಿದರೆ ಒಂದು ಎಣಿಕೆಯ ಹೊತ್ತು ಸಿಗುತ್ತದೆ. ಪುಟ್ಟನ ಹಾಡು ನಿಧಾನವಾಗಿ ಶುರುವಾಗುತ್ತದೆ, ನಿಮಿಷಕ್ಕೆ 50 ಎಣಿಕೆ. ಅಲ್ಲಿಗೆ 1,200 ಮಿಲಿಸೆಕೆಂಡು. ಕೊನೆಯಲ್ಲಿ 160ಕ್ಕೆ ಏರುತ್ತದೆ. ಅಲ್ಲಿಗೆ 375. ಅವನ ಪಟ್ಟಿಯಲ್ಲಿ ಎರಡು ಹೆಸರಿದ್ದವು. ಎಂಎಕ್ಸ್‌ಆರ್ ಕಂಪನಿಯ ಕಾರ್ಬನ್ ಕಾಪಿ, ಅನಲಾಗ್, ಗರಿಷ್ಠ 600 ಮಿಲಿಸೆಕೆಂಡು. ಬಾಸ್ ಡಿಡಿ-8, ಡಿಜಿಟಲ್, ಹತ್ತು ಸೆಕೆಂಡಿನವರೆಗೆ. ಮೊದಲನೆಯದು ಹಾಡಿನ ಕೊನೆಗೆ ಸಾಕು, ಶುರುವಿಗೆ ಸಾಲದು. ಬೆಂಗಳೂರಿನ ಅಂಗಡಿಗೆ ಹೋಗುವ ಮುಂಚೆಯೇ ಕಾಗದದ ಮೇಲೆ ಅರ್ಧ ತೀರ್ಮಾನವಾಗಿತ್ತು.

ಆದರೂ ಕಿವಿಯ ಸಾಕ್ಷಿ ಬೇಕಲ್ಲ. ಅಂಗಡಿಯಲ್ಲಿ ಎರಡನ್ನೂ ನುಡಿಸಿ ನೋಡಿದ. ಹೆವಿ ಸಂಗೀತಕ್ಕೆ ಮೆತ್ತಗಿನ ಪ್ರತಿಧ್ವನಿಯೇ ಚೆಂದ. ಸ್ವಚ್ಛವಾದದ್ದು ಹೊಸ ಸ್ವರಕ್ಕೆ ಡಿಕ್ಕಿ ಹೊಡೆಯುತ್ತದೆ. ಡಿಡಿ-8ರಲ್ಲಿ ಅನಲಾಗಿನಂತೆ ಕೇಳಿಸುವ ಬಗೆಯೂ ಇತ್ತು. ಅಂಗಡಿಯ ಹುಡುಗ ಇನ್ನೊಂದು ಮಾತು ಹೇಳಿದ. ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಮೊದಲು, ಡಿಲೇ ಆಮೇಲೆ. ಹಿಂದುಮುಂದಾದರೆ ಪ್ರತಿಧ್ವನಿಗಳೆಲ್ಲ ಒಟ್ಟಿಗೆ ಒರಟಾಗಿ ಕಲಸುಮೇಲೋಗರ. ಬೇಕೆಂದೇ ಹಾಗೆ ಮಾಡುವವರೂ ಇದ್ದಾರಂತೆ. ಕೈ ಬಿಗಿಹಿಡಿದು ದಡದಡ ನುಡಿಸುವ ಭಾಗದಲ್ಲಿ ಡಿಲೇ ಆರಿಸಿಬಿಡುವುದೇ ಲೇಸಂತೆ. ಅಡಾಪ್ಟರಿನ ಲೆಕ್ಕವನ್ನು ನಾನು ಕೇಳಿದೆ. ಅದೂ ವೈರೂ ಬೇರೆ ಖರ್ಚು. ಎಲ್ಲ ಸೇರಿ ಆರ್‌ಡಿಯ ಅರ್ಧಕ್ಕಿಂತ ತುಸು ಹೆಚ್ಚಾಯಿತು. ಉಳಿದದ್ದು ಲ್ಯಾಪ್‌ಟಾಪಿಗೆ. ಅದಕ್ಕೆ ಕಡಿಮೆ ಬಿದ್ದದ್ದನ್ನು ನನ್ನ ಮಗ ಹಾಕಿದ.

ನನ್ನ ವಯಸ್ಸಿನವರಿಗೆ ಒಂದು ಮಾತು. ಮೊಮ್ಮಕ್ಕಳು ಕೇಳುವ ವಸ್ತುವಿನ ಹೆಸರು ನಮಗೆ ಅರ್ಥವಾಗದೆ ಇರಬಹುದು, ಅದರ ಒಳಗಿನ ಲೆಕ್ಕ ಮಾತ್ರ ನಮ್ಮದೇ ಹಳೆಯ ಲೆಕ್ಕವಾಗಿರುತ್ತದೆ. ಕೂತು ಕೇಳಿ. ಮಕ್ಕಳಿಗೂ ಒಂದು ಮಾತು. ಬೇಕು ಎನ್ನುವ ಮುಂಚೆ ಒಂದು ಪುಟ ಬರೆಯಿರಿ. ಯಾಕೆ ಬೇಕೆಂದು ನಿಮಗೂ ತಿಳಿಯುತ್ತದೆ, ಮನೆಯವರಿಗೂ. ಸದ್ದನ್ನು ಮಾತ್ರ ಹದದಲ್ಲಿಡಿ. ಕಿವಿಗೆ ಆರ್‌ಡಿ ಇಲ್ಲ, ಕಳೆದದ್ದು ವಾಪಸು ಬರುವುದಿಲ್ಲ.

ಹಾಡು ಇನ್ನೂ ಮುಗಿದಿಲ್ಲ. ಶುರುವಿನ ನಿಧಾನದ ಭಾಗ ಮಾತ್ರ ತಯಾರಾಗಿದೆ. ಸಂಜೆ ದೀಪ ಹಚ್ಚಿದ ಮೇಲೆ ಪುಟ್ಟ ಅದನ್ನು ನುಡಿಸುತ್ತಾನೆ. ಒಂದು ಸ್ವರ ಹೊರಡುತ್ತದೆ, ಒಂದು ಎಣಿಕೆ ಬಿಟ್ಟು ಅದೇ ಸ್ವರ ಸ್ವಲ್ಪ ಸಣ್ಣದಾಗಿ ಬರುತ್ತದೆ, ಮತ್ತೆ ಇನ್ನೂ ಸಣ್ಣದಾಗಿ. ನನ್ನ ಮಗ ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಾನೆ. ಹಾಡು ಮುಗಿಯುವ ತನಕ ಪುಟ ತಿರುಗುವುದಿಲ್ಲ.