ನೆಂಟರಿಗೆ ತೋರಿಸುವ ಊರು

ಪರದೇಶದ ಸಭೆಯಿಂದ ನೆಂಟರು ಬರುತ್ತಾರೆಂದರೆ ನಮ್ಮ ಕೆಜಿಎಫ್, ಬಂಗಾರಪೇಟೆ ಕಡೆಯ ಚರ್ಚುಗಳಿಗೆ ಅಕಾಲದಲ್ಲಿ ಕ್ರಿಸ್‌ಮಸ್ ಬರುತ್ತದೆ. ಗೋಡೆಗೆ ಸುಣ್ಣ ಬೀಳುತ್ತದೆ, ವರ್ಷಗಟ್ಟಲೆ ಯಾರೂ ಮುಟ್ಟದ ಫ್ಯಾನಿನ ರೆಕ್ಕೆಗಳ ಧೂಳು ಇಳಿಯುತ್ತದೆ. ಮಹಿಳಾ ಅನ್ಯೋನ್ಯಕೂಟದವರು ಒಂದೇ ಬಣ್ಣದ ಸೀರೆಗಾಗಿ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡುತ್ತಾರೆ. ನೆಂಟರಿಗೆ ಶಾಲು, ಗಂಧದ ಹಾರ, ಮೈಸೂರು ಪೇಟ. ಪೇಟ ಜಾರಿ ಕಿವಿ ಮುಚ್ಚಿದರೂ ಪಾಪ, ಅವರು ನಗುವುದನ್ನು ಬಿಡುವುದಿಲ್ಲ.

ಹಾಗೆ ನೋಡಿದರೆ ಹೊರಗಿನವರು ನಮಗೇನೂ ಹೊಸಬರಲ್ಲ. ಊರು ಕಟ್ಟಿದವರೇ ಹೊರಗಿನವರು. 1880ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿಗಾರಿಕೆಗೆ ಕೈಹಾಕಿತು. ಮೇಸ್ತ್ರಿಗಿರಿಗೆ ಕಾರ್ನ್‌ವಾಲ್‌ನ ಗಣಿಗಾರರು ಬಂದರು, ಕೆಳಗಿಳಿದು ಬಂಡೆ ಒಡೆಯಲು ಉತ್ತರ ಆರ್ಕಾಟಿನವರು, ಚಿತ್ತೂರಿನವರು ಬಂದರು. ಬಂದವರೆಲ್ಲ ತಮ್ಮ ತಮ್ಮ ದೇವರನ್ನೂ ಕರೆತಂದರು. ಹಾಗಾಗಿ ಇಲ್ಲಿ ಭಾನುವಾರ ತಮಿಳು, ಇಂಗ್ಲಿಷ್, ತೆಲುಗು, ಕನ್ನಡ ಎಲ್ಲದರಲ್ಲೂ ಆರಾಧನೆ ಕೇಳಿಸುತ್ತದೆ. ಅತ್ತ ಕೋಲಾರದಲ್ಲಿ 1876–78ರ ಬರದ ಅನಾಥ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ನಡೆಸಿದ ಕೆಲಸ ಮುಂದೆ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಇಟಿಸಿಎಂ ಆಸ್ಪತ್ರೆ ಎದ್ದದ್ದೂ ಅವರಿಂದಲೇ. ಆ ಆಸ್ಪತ್ರೆಯಲ್ಲಿ ಹುಟ್ಟಿದವರ ಮುಂದೆ ಮಿಷನ್ನಿನವರನ್ನು ಬೈದು ನೋಡಿ, ಗೊತ್ತಾಗುತ್ತದೆ.

ತಕರಾರು ಬೇರೆಯದು. ನೆಂಟರಿಗೆ ನಾವು ವೈಭವ ತೋರಿಸಹೊರಡುತ್ತೇವೆ, ಅವರು ಬಡತನ ನೋಡಲು ಬಂದಿರುತ್ತಾರೆ. ನಮ್ಮ ಚರ್ಚಿನ ಅಯ್ಯನವರು ಚಾಂಪಿಯನ್ ರೀಫ್‌ನಲ್ಲಿ ನಿಂತು, ಇಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದೆವು, 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು, ಆಗಿನ್ನೂ ಬೆಂಗಳೂರು ಕತ್ತಲಲ್ಲಿತ್ತು ಎಂದು ಎದೆಯುಬ್ಬಿಸಿ ಹೇಳುತ್ತಾರೆ. ನೆಂಟರು ತಲೆಯಾಡಿಸುತ್ತಾರೆ. ಕ್ಯಾಮೆರಾ ಮಾತ್ರ ಗಣಿ ಕಾರ್ಮಿಕರ ಲೈನ್ ಮನೆಗಳ ಕಡೆ ತಿರುಗಿರುತ್ತದೆ.

ಒಮ್ಮೆ ಇಂಥ ಗುಂಪೊಂದನ್ನು ಮಾರಿಕುಪ್ಪದ ಲೈನಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಗೂ ಕರೆತಂದರು. ಒಂದೇ ಕೋಣೆ, ತಗಡಿನ ಸೂರು, ಮೊಳೆಗೆ ನೇತುಹಾಕಿದ ದೊಡ್ಡಪ್ಪನ ಗಣಿ ಟೋಪಿ. ಅವರಲ್ಲೊಬ್ಬಾಕೆ ಕಣ್ಣಲ್ಲಿ ನೀರು ತುಂಬಿಕೊಂಡು, ಇಷ್ಟು ಜಾಗದಲ್ಲಿ ಎಷ್ಟು ಜನ ಇದ್ದಿರಿ ಎಂದು ಕೇಳಿದಳು. ದೊಡ್ಡಮ್ಮ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗದೆ ವಡೆಯ ತಟ್ಟೆ ಮುಂದಿಟ್ಟು, "ನಿಮ್ಮೂರಲ್ಲಿ ಬಾಡಿಗೆ ಎಷ್ಟಮ್ಮ?" ಎಂದಳು. ನಾನು ಡಾಲರನ್ನು ರೂಪಾಯಿ ಮಾಡಿ ಹೇಳಿದೆ. ದೊಡ್ಡಮ್ಮನ ಮುಖ ಸಣ್ಣದಾಯಿತು. "ಅಯ್ಯೋ ಪಾಪ, ಅಷ್ಟು ಕಟ್ಟಿ ಏನು ಉಣ್ಣುತ್ತಾಳೆ ಇವಳು? ಇನ್ನೆರಡು ವಡೆ ಹಾಕೇ" ಎಂದು ಸೊಸೆಗೆ ಕೂಗಿದಳು.

ಅದೇ ಗುಂಪನ್ನು ಸಂಜೆ ಬಂಗಾರಪೇಟೆಗೆ ಪಾನಿಪುರಿ ತಿನ್ನಲು ಕರೆದೊಯ್ದೆವು. ನಮ್ಮ ಪಾನಿ ಬೇರೆ ಊರಿನದರಂತೆ ಹಸಿರಲ್ಲ, ನೋಡಲು ಬರೀ ನೀರು. ಗುಂಪಿನ ಹಿರಿಯರೊಬ್ಬರು ಕುಡಿಯುವ ನೀರೆಂದೇ ತಿಳಿದು ಬಟ್ಟಲೆತ್ತಿ ಗುಟುಕರಿಸಿದರು. ಅಯ್ಯನವರ ಅಷ್ಟೂ ಭಾಷಣ ಮಾಡದ್ದನ್ನು ಆ ಖಾರ ಮಾಡಿತು. ಮನುಷ್ಯ ಪೇಟ ತೆಗೆದು ಬೆಂಚಿನ ಮೇಲಿಟ್ಟು, ಬೆವರು ಒರೆಸಿಕೊಂಡು, ನಮ್ಮ ಹಾಗೆ ಮಾತಾಡತೊಡಗಿದರು.

ಅವರು ಹಿಂದೆ ಟಾಂಜಾನಿಯದ ಹಳ್ಳಿಯ ಸಭೆಯೊಂದಕ್ಕೂ ಹೋಗಿಬಂದವರು. ಅಮೆರಿಕದ ಮಿನ್ನೆಸೋಟದ ಲುಥೆರನ್ ಸಭೆಗಳಿಗೂ ಟಾಂಜಾನಿಯದ ಇರಿಂಗಾ ಸೀಮೆಯ ಸಭೆಗಳಿಗೂ 1980ರ ದಶಕದಿಂದ ಇಂಥ ನಂಟು ಇದೆ. ಫೋನಿನಲ್ಲಿ ಅಲ್ಲಿನ ಫೋಟೊ ತೋರಿಸಿದರು: ತಗಡಿನ ಚರ್ಚು, ಒಂದೇ ಬಣ್ಣದ ಬಟ್ಟೆಯ ಹೆಂಗಸರು, ಈ ಹಿರಿಯರ ಕಂಕುಳಲ್ಲಿ ಉಡುಗೊರೆಗೆ ಸಿಕ್ಕ ಜೀವಂತ ಕೋಳಿ. ಒಂದೇ ಬಣ್ಣದ ಬಟ್ಟೆ ನೋಡಿ ನನಗೆ ನಗು ಬಂತು. ಅಲ್ಲೂ ಒಂದು ಅನ್ಯೋನ್ಯಕೂಟ ಅಂಗಡಿಗಳನ್ನು ಜಾಲಾಡಿರಬೇಕು! ನಮಗೂ ಆಫ್ರಿಕಕ್ಕೂ ನಂಟಿಲ್ಲ ಎನ್ನಬೇಡಿ. 1886ರಲ್ಲಿ ಜೋಹಾನ್ಸ್‌ಬರ್ಗ್ ಕಡೆ ಚಿನ್ನ ಸಿಕ್ಕಾಗ ಅಲ್ಲಿಗೆ ಓಡಿದವರಲ್ಲೂ ಇದೇ ಕಾರ್ನ್‌ವಾಲ್‌ನವರಿದ್ದರು. ಬಂಡೆಯ ಆಳದಲ್ಲಿ ಸತ್ತವರು ಮಾತ್ರ ಅಲ್ಲಿ ಹೆಚ್ಚಾಗಿ ಕರಿಯರು, ಇಲ್ಲಿ ಹೆಚ್ಚಾಗಿ ದಲಿತರು. ಆ ಹಳ್ಳಿಯ ಹೆಂಗಸರೂ ನಮ್ಮ ದೊಡ್ಡಮ್ಮನೂ ಎದುರುಬದುರು ಕೂತರೆ ದುಭಾಷಿಗೆ ಹೆಚ್ಚು ಕೆಲಸವಿರಲಾರದು. ಆದರೆ ಕೂರುವುದೆಲ್ಲಿ? ಸಭೆಗಳ ನೆಂಟಸ್ತಿಕೆ ಎಂದರೆ ಅವರು ಬರುವುದು, ನಾವು ಹಾರ ಹಾಕುವುದು. ವೀಸಾ ಸಿಕ್ಕರೆ ಅದು ಅಯ್ಯನವರಿಗೆ, ಲೈನ್ ಮನೆಯ ಹೆಂಗಸಿಗಲ್ಲ. ಹೋಗಿಬರುವುದು ಎರಡು ಕಡೆಯಿಂದಲೂ ಇಲ್ಲದ ಮೇಲೆ ಅದನ್ನು ನೆಂಟಸ್ತಿಕೆ ಎನ್ನಲು ನನಗೆ ಮನಸ್ಸು ಬಾರದು.

ಬರುವವರಲ್ಲಿ ನನ್ನದೊಂದು ಕೋರಿಕೆ. ಭಾನುವಾರ ಬೇಡ, ಸೋಮವಾರ ಬನ್ನಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಂದಿನಿಂದ ನಮ್ಮೂರಿನ ಅನ್ನ ಬೆಂಗಳೂರಿನಲ್ಲಿದೆ, ನಮ್ಮ ಸಭೆಯ ಅರ್ಧ ಜನ ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿರುತ್ತಾರೆ. ಕೂರಲು ಸೀಟು ಸಿಗುವುದಿಲ್ಲ. ನಿಂತುಕೊಂಡೇ ಬನ್ನಿ, ಪೇಟ ಬೇಡ.