ನಾಲ್ಕು ಮನೆಯ ಕಟ್ಟು

ನಮ್ಮಜ್ಜಿ ಹುಟ್ಟಿದ್ದು ಪ್ರಭವ ಸಂವತ್ಸರದಲ್ಲಿ. ತಾರೀಖು ಆಕೆಗೆ ಗೊತ್ತಿರಲಿಲ್ಲ. ಸಂವತ್ಸರ ಗೊತ್ತಿತ್ತು, ಆಕೆಗೆ ಅಷ್ಟು ಸಾಕಾಗಿತ್ತು. ಅರವತ್ತು ಸಂವತ್ಸರಗಳ ಸುತ್ತು ಮುಗಿದು ಪ್ರಭವ ಮತ್ತೆ ಬಂದದ್ದು 1987ರ ಮಾರ್ಚ್ 30ರಂದು, ಸೋಮವಾರ. ಅಂದು ಯುಗಾದಿ. ನನಗೆ ಹತ್ತು ವರ್ಷ. ಊರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಸುತ್ತ ತೆಂಗಿನ ತೋಟ, ಬದುಗಳ ಮೇಲೆ ಹೊಂಗೆ, ಬೇವು. ಆ ದಿನ ನಾನು ಮಾಡಿದ ಒಂದು ತಪ್ಪಿನ ಕಥೆಯನ್ನು ನಮ್ಮ ಮನೆಯಲ್ಲಿ ಪ್ರತಿ ಯುಗಾದಿಗೂ ಯಾರಾದರೊಬ್ಬರು ನನ್ನ ಬಾಯಿಂದಲೇ ಹೇಳಿಸುತ್ತಾರೆ. ಈ ಸಲ ನಿಮಗೆ ಹೇಳುತ್ತೇನೆ, ಕೇಳಿ.

ಹಿಂದಿನ ದಿನ ಅಮಾವಾಸ್ಯೆ. ಅಜ್ಜಿ ಅಂದೇ ಬೇಳೆ ಆರಿಸಿಟ್ಟಿದ್ದಳು. ಮರುದಿನ ಕತ್ತಲಿರುವಾಗಲೇ ನಮ್ಮನ್ನೆಲ್ಲ ಎಬ್ಬಿಸಿ, ಸಾಲಾಗಿ ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಸೀಗೆಪುಡಿಯ ಉರಿಗೆ ನನ್ನ ತಮ್ಮ ಬಚ್ಚಲಲ್ಲಿ ಅಳುತ್ತಿದ್ದ. ಅಪ್ಪ, ಚಿಕ್ಕಪ್ಪ ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಹೂ ಸುತ್ತಿ, ಹೊನ್ನಾರು ಕಟ್ಟಲು ಹೊಲಕ್ಕೆ ಹೊರಟರು. ವರ್ಷದ ಮೊದಲ ಉಳುಮೆ ಅದು. ನಾಲ್ಕು ಸಾಲು ಹೊಡೆದರೂ ಸಾಕು, ಆದರೆ ಯುಗಾದಿಯ ದಿನ ನೇಗಿಲು ಮಣ್ಣು ಮುಟ್ಟಲೇಬೇಕು.

ಹಬ್ಬದ ದಿನ ನಮ್ಮಲ್ಲಿ ಬೆಳಗಿನ ತಿಂಡಿ ಎಂಬುದಿರಲಿಲ್ಲ. ಪೂಜೆಯಾಗಿ, ಬೇವುಬೆಲ್ಲ ಬಾಯಿಗೆ ಬಿದ್ದ ಮೇಲೆಯೇ ಎಲೆ. ಹೊಲಕ್ಕೆ ಹೋದವರು ಹಸಿದು ಬರುತ್ತಾರೆಂದು ಹತ್ತೂವರೆ, ಹನ್ನೊಂದಕ್ಕೆಲ್ಲ ಎಲೆ ಹಾಕಿಬಿಡುತ್ತಿದ್ದರು. ತಿಂಡಿಯೂ ಅದೇ, ಊಟವೂ ಅದೇ. ಆ ಹೊತ್ತಿಗೆ ಹದಿನಾಲ್ಕು ಜನಕ್ಕೆ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಆಂಬೊಡೆ ಎಲ್ಲ ಆಗಬೇಕು. ಹಾಗಾಗಿ ಅಡುಗೆಮನೆಯ ಎರಡು ಒಲೆಗಳೂ ಐದು ಗಂಟೆಯಿಂದಲೇ ಉರಿಯುತ್ತಿದ್ದವು.

ಅಜ್ಜಿಯ ಅಡುಗೆಗೆ ಒಂದು ಕ್ರಮವಿತ್ತು. ಮೊದಲು ಕಣಕ. ಚಿರೋಟಿ ರವೆಗೆ ಚಿಟಿಕೆ ಅರಿಶಿನ ಹಾಕಿ ಮೆತ್ತಗೆ ಕಲಸಿ, ಎಣ್ಣೆ ಹೊಯ್ದು ನಾದಿ, ಕಣಕ ಎಣ್ಣೆಯಲ್ಲೇ ಮುಳುಗುವ ಹಾಗೆ ಮುಚ್ಚಿಡುವುದು. ಆಮೇಲೆ ಬೇಳೆ. ತೊಗರಿಬೇಳೆಯನ್ನು ಒಂದಕ್ಕೆ ಐದರಷ್ಟು ನೀರಿನಲ್ಲಿ, ಬಾಯಿ ತೆರೆದ ಪಾತ್ರೆಯಲ್ಲಿ ಬೇಯಿಸುವುದು. ಬೇಳೆಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಹಿಟ್ಟಾಗಬೇಕು, ಪಾತ್ರೆಯಲ್ಲಿ ನೋಡಿದರೆ ಇನ್ನೂ ಬೇಳೆಯಾಗಿಯೇ ಕಾಣಬೇಕು. ಆ ಹದದಲ್ಲಿ ಬಿದಿರಿನ ಬುಟ್ಟಿಗೆ ಸುರಿದು ಬಸಿಯುವುದು. ಬುಟ್ಟಿಯಲ್ಲಿ ಉಳಿದ ಬೇಳೆಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿ ಒರಳಿನಲ್ಲಿ ಹೂರಣವಾಗುತ್ತದೆ. ಕೆಳಗೆ ಬಸಿದ ನೀರೇ ಕಟ್ಟು. ಹುರಿದ ಕೊತ್ತಂಬರಿಬೀಜ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ತೆಂಗಿನಕಾಯಿ ರುಬ್ಬಿ, ಅದರ ಜೊತೆ ಒಂದು ಹಿಡಿ ಹೂರಣವನ್ನೂ ಕದಡಿ, ಹುಳಿ ಹಾಕಿ ಕುದಿಸಿದರೆ ಆ ಕಟ್ಟೇ ಒಬ್ಬಟ್ಟಿನ ಸಾರು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಬೆಳಿಗ್ಗೆ ನನ್ನ ಕಣ್ಣಿಗೆ ಕಂಡದ್ದು ಒಲೆಯ ಪಕ್ಕದ ಪಾತ್ರೆಯಲ್ಲಿದ್ದ ಹಳದಿ ಬಣ್ಣದ ಕಲಕು ನೀರು ಮಾತ್ರ. ಅಮ್ಮ ಒರಳಿನ ಮುಂದೆ ಕೂತವರು ತಿರುಗದೆಯೇ ಹೇಳಿದರು: "ಆ ಬೇಳೆ ನೀರು ಕಾಲಿಗೆ ಸಿಗುತ್ತೆ, ಆಚೆ ಇಡು."

ಆಚೆ ಎಂದರೆ ನನಗೆ ಹಿತ್ತಿಲು. ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹೊತ್ತುಕೊಂಡು ಹೋಗಿ ಕೊಟ್ಟಿಗೆಯ ಬಾನಿಗೆ ಸುರಿಯುವುದು ನನ್ನ ಕೆಲಸವೇ ಆಗಿತ್ತು. ಅಂದೂ ಹಾಗೇ ಮಾಡಿದೆ. ಎರಡು ಕೈಯಲ್ಲಿ ಪಾತ್ರೆ ಎತ್ತಿಕೊಂಡು ಹೋಗಿ, ಒಂದು ಹನಿ ಉಳಿಸದೆ ಸುರಿದು, ಬಾನಿಯ ಪಕ್ಕದಲ್ಲೇ ಪಾತ್ರೆ ತೊಳೆದು ಬೋರಲು ಹಾಕಿ ಬಂದೆ. ನಮ್ಮ ಹಸು ಗೌರಿ ತಲೆ ಎತ್ತದೆ ಕುಡಿಯಿತು.

ಸಾರಿನ ಮಸಾಲೆ ರುಬ್ಬಿ ಆದ ಮೇಲೆ ಅಮ್ಮ ಕಟ್ಟು ಹುಡುಕಿದರು. "ಕಟ್ಟು ಎಲ್ಲೇ?" ಅಂದರು. "ಯಾವ ಕಟ್ಟು?" ಅಂದೆ. ಅಮ್ಮನ ಮುಖ ನೋಡುತ್ತಿದ್ದಂತೆ ನನಗೆ ಅರ್ಥವಾಯಿತು. ಹಬ್ಬದ ದಿನ ಮಕ್ಕಳನ್ನು ಹೊಡೆಯಬಾರದು ಎಂಬ ಮಾತೊಂದು ಇಲ್ಲದಿದ್ದರೆ ಆ ಬೆಳಿಗ್ಗೆ ಬೆನ್ನ ಮೇಲೆ ಎರಡು ಬೀಳುತ್ತಿದ್ದವು. ಅಮ್ಮನಿಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. ಮತ್ತೆ ಬೇಳೆ ಬೇಯಿಸೋಣವೆಂದರೆ ಮನೆಯಲ್ಲಿ ಅಷ್ಟು ಬೇಳೆಯಿಲ್ಲ, ಹೊತ್ತೂ ಇಲ್ಲ.

ಅಜ್ಜಿ ಎದ್ದು ಹಿತ್ತಿಲಿಗೆ ಹೋದಳು. ಗೌರಿ ಖಾಲಿ ಬಾನಿಯನ್ನು ನೆಕ್ಕುತ್ತಿತ್ತು. ಅಜ್ಜಿ ಅದರ ಗಂಗೆದೊಗಲು ಸವರಿ, "ಕುಡೀಲಿ ಬಿಡು, ಇವಳಿಗೂ ಹೊಸ ವರ್ಷ ತಾನೆ" ಎಂದಳು. ಒಳಗೆ ಬಂದು ಹಾಲಿನ ಕ್ಯಾನು ತೊಳೆದು ನನ್ನ ಕೈಗೆ ಕೊಟ್ಟಳು. "ಇವತ್ತು ಕೇರಿಯಲ್ಲಿ ಕಟ್ಟಿಲ್ಲದ ಮನೆ ಇಲ್ಲ. ನಾಲ್ಕು ಮನೆಗೆ ಹೋಗು ಮಗ. ಒಂದೊಂದು ಸೌಟು ಕೇಳು. ಹಸುಗೆ ಸುರಿದೆ ಅಂತ ನಿಜ ಹೇಳು, ಸುಳ್ಳು ಸೇರಿಸಬೇಡ. ಬರಿಗೈಲಿ ಹೋಗಬೇಡ, ಬೇವುಬೆಲ್ಲ ತಗೊಂಡು ಹೋಗು."

ಹೊಸ ಲಂಗದ ಮಡಿಲಲ್ಲಿ ಬೇವುಬೆಲ್ಲದ ಪೊಟ್ಟಣ, ಕೈಯಲ್ಲಿ ಕ್ಯಾನು. ಮೊದಲು ಮೂಲೆಮನೆ ದೊಡ್ಡಮ್ಮ. ಅವರ ಬೇಳೆ ಅಂದು ಹದ ಮೀರಿ ಬೆಂದಿತ್ತು. ಅವರ ಕಟ್ಟು ಗಂಜಿಯ ಹಾಗೆ ಗಟ್ಟಿ. "ತಗೋ, ನಿಮ್ಮಜ್ಜಿ ಇದನ್ನೂ ಸರಿ ಮಾಡ್ತಾಳೆ" ಎಂದು ಎರಡು ಸೌಟು ಹಾಕಿದರು. ಆಮೇಲೆ ಅಂಗಡಿ ಮನೆ. ಅವರ ಸೊಸೆ ಧಾರವಾಡದ ಕಡೆಯವರು. ಅವರು ಒಬ್ಬಟ್ಟು ಅನ್ನುತ್ತಿರಲಿಲ್ಲ, ಹೋಳಿಗೆ ಅನ್ನುತ್ತಿದ್ದರು. ತೊಗರಿ ಹಾಕುತ್ತಿರಲಿಲ್ಲ, ಕಡಲೆಬೇಳೆ ಹಾಕುತ್ತಿದ್ದರು. "ಕಟ್ಟ ಬೇಕೇನವಾ? ಬೇಕಾದಷ್ಟ ತಗೋ" ಎಂದು ಅವರು ಸುರಿದ ಕಟ್ಟು ತಿಳಿಯಾಗಿ, ನಸುಗಂಪಾಗಿತ್ತು. ಮೇಷ್ಟ್ರ ಮನೆಯಲ್ಲಿ ಆಗಲೇ ಸಾರು ಕುದಿಯುತ್ತಿತ್ತು. ಉಳಿದಿದ್ದ ಅರ್ಧ ಲೋಟವನ್ನೇ ಕೊಟ್ಟರು. ನಾಲ್ಕನೆಯದು ಮಗ್ಗದ ಮನೆ. ಅವರು ಆಗಷ್ಟೇ ಬಸಿಯುತ್ತಿದ್ದರು. ಹಬೆಯಾಡುವ ಕಟ್ಟು ಬಿದ್ದು ಕ್ಯಾನಿನ ಹಿಡಿ ಕಾದಾಗ, ಆ ಮನೆಯ ಅಕ್ಕ ಒಂದು ಬಟ್ಟೆ ಸುತ್ತಿ ಕೊಟ್ಟರು. ಯಾರೂ ಗದರಲಿಲ್ಲ. ಹಸು ಕುಡಿಯಿತು ಎಂದಾಗ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: "ಎಲ್ಲಾನೂ ಕುಡೀತಾ?"

ಕ್ಯಾನು ತುಂಬಿತು. ತಿರುಗಿ ಬರುವ ದಾರಿಯಲ್ಲಿ ಬಾವಿ ಮನೆ. ಆ ಬಾಗಿಲಿಗೆ ತೋರಣವಿರಲಿಲ್ಲ, ಅಂಗಳದಲ್ಲಿ ರಂಗೋಲಿಯಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಆ ಮನೆಯ ಯಜಮಾನರು ತೀರಿಹೋಗಿದ್ದರು. ವರ್ಷ ತುಂಬುವವರೆಗೆ ಅವರಿಗೆ ಹಬ್ಬವಿಲ್ಲ, ಒಲೆಯ ಮೇಲೆ ಒಬ್ಬಟ್ಟಿನ ಕಾವಲಿ ಏರುವಂತಿಲ್ಲ. ನಾನು ತಲೆ ತಗ್ಗಿಸಿ ಬೇಗ ಬೇಗ ದಾಟುತ್ತಿದ್ದೆ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಕರೆದರು. "ಏನು ಕೂಸೇ ಅದು, ಹಬ್ಬದ ದಿನ ಹಾಲಿಗೆ ಹೊರಟೆಯಾ?"

ನಿಜ ಹೇಳಬೇಕೆಂದು ಅಜ್ಜಿ ಹೇಳಿದ್ದಳಲ್ಲ. ಬೇಳೆ ನೀರು, ಬಾನಿ, ಗೌರಿ, ನಾಲ್ಕು ಮನೆ ಎಲ್ಲವನ್ನೂ ಹೇಳಿದೆ. ಮೂರು ತಿಂಗಳಿಂದ ಮಾತೇ ಕಡಿಮೆಯಾಗಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಒಳಗೆ ಹೋಗಿ, ಹಿತ್ತಿಲ ಮರದ ಎರಡು ಮಾವಿನಕಾಯಿ ತಂದರು. ತೊಟ್ಟಿನಲ್ಲಿ ಇನ್ನೂ ಸೊನೆ ಒಸರುತ್ತಿತ್ತು.

"ಹುಣಸೇಹಣ್ಣು ಬೇಡ, ಇದನ್ನ ಹಾಕಿ ಸಾರು ಮಾಡೋಕೆ ಹೇಳು ನಿಮ್ಮಜ್ಜಿಗೆ. ನಮ್ಮನೆಯವರಿಗೆ ಯುಗಾದಿ ಸಾರಿಗೆ ಮಾವಿನಕಾಯಿ ಹುಳೀನೇ ಆಗಬೇಕಿತ್ತು."

ನಾನು ಮಡಿಲಿನಲ್ಲಿ ಉಳಿದಿದ್ದ ಬೇವುಬೆಲ್ಲ ಕೊಡಲೋ ಬೇಡವೋ ಎಂದು ನಿಂತೆ. ಅತ್ತೆ ತಾವೇ ಕೈ ಚಾಚಿ, ಒಂದು ಬೇವಿನ ಹೂವಿನ ಎಸಳು ಮಾತ್ರ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಬೆಲ್ಲ ಮುಟ್ಟಲಿಲ್ಲ.

ಮನೆಗೆ ಬಂದು ಅದನ್ನೂ ಹೇಳಿದೆ. ಅಜ್ಜಿ ಮಾತಾಡಲಿಲ್ಲ. ನೆನೆಸಿಟ್ಟಿದ್ದ ಹುಣಸೇಹಣ್ಣಿನ ಬಟ್ಟಲನ್ನು ಮೂಲೆಗೆ ಸರಿಸಿ, ಮಾವಿನಕಾಯಿ ತೊಳೆದು, ಸಿಪ್ಪೆ ಹೆರೆದಳು. ಒಂದು ಕಾಯಿಯನ್ನು ಹೋಳು ಮಾಡಿ ನಾಲ್ಕು ಮನೆಯ ಕಟ್ಟಿನಲ್ಲಿ ಬೇಯಲು ಹಾಕಿದಳು. ಇನ್ನೊಂದನ್ನು ಚಿತ್ರಾನ್ನಕ್ಕೆ ತುರಿದಳು. ಕಾಯಿತುರಿ, ಸಾಸಿವೆ, ಒಣಮೆಣಸಿನಕಾಯಿ ಜೊತೆ ಅದನ್ನು ತರಿತರಿಯಾಗಿ ರುಬ್ಬಿ, ಕಡಲೆಕಾಯಿಬೀಜ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆಗೆ ಹಾಕಿದಾಗ ಎದ್ದ ವಾಸನೆ ಹಜಾರದಲ್ಲಿದ್ದ ಗಂಡಸರನ್ನೂ ಬಾಗಿಲವರೆಗೆ ಕರೆತಂದಿತು. ಹೊನ್ನಾರು ಮುಗಿಸಿ ಬಂದ ಅಪ್ಪ, ಚಿಕ್ಕಪ್ಪ ಆಗಲೇ ಎರಡು ಸಲ ಕೇಳಿಯಾಗಿತ್ತು.

"ಎಲೆ ಹಾಕಿ, ಆದರೆ ಯಾರೂ ಕೂರಬೇಡಿ" ಎಂದಳು ಅಜ್ಜಿ. ತುಪ್ಪ ಸವರಿದ ಆರು ಒಬ್ಬಟ್ಟನ್ನು ಬಾಳೆಲೆಯಲ್ಲಿ ಸುತ್ತಿದಳು. ಅದೇ ಹಾಲಿನ ಕ್ಯಾನಿಗೆ ಸಾರು ಸುರಿದಳು. ಒಂದು ಬಟ್ಟಲಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಕೋಸಂಬರಿ. ಸೌತೆಕಾಯಿ ನೀರು ಬಿಡುತ್ತದೆಂದು ಉಪ್ಪನ್ನು ಬೇರೆಯಾಗಿ ಕಟ್ಟಿಕೊಂಡಳು. ನನ್ನ ಕೈ ಹಿಡಿದು ಬಾವಿ ಮನೆಗೆ ನಡೆದಳು. ಹಬ್ಬವಿಲ್ಲದ ಮನೆಯವರು ಮಾಡುವಂತಿಲ್ಲ, ನೆರೆಯವರು ತಂದುಕೊಟ್ಟರೆ ತಿನ್ನಬಹುದು. ಅತ್ತೆಯ ಮುಂದೆ ಅಜ್ಜಿ ತಾನೇ ಎಲೆ ಹರಡಿದಳು. ಅತ್ತೆ ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟು, ತುಂಬ ಹೊತ್ತು ಅಗಿದರು. "ಅದೇ ಹುಳಿ" ಎಂದರು. ಅಜ್ಜಿ ಅವರು ಉಂಡು ಏಳುವವರೆಗೂ ಪಕ್ಕದಲ್ಲೇ ಕೂತಿದ್ದಳು.

ನಮ್ಮ ಮನೆಯಲ್ಲಿ ಎಲೆಗೆ ಬಡಿಸುವಾಗ ಹನ್ನೆರಡು ದಾಟಿತ್ತು. ಹಸಿದ ಗಂಡಸರು ಗೊಣಗಲಿಲ್ಲ. ಆ ಸಾರಿನ ರುಚಿ ನನ್ನ ನಾಲಿಗೆಯಲ್ಲಿ ಇನ್ನೂ ಇದೆ. ಮೂಲೆಮನೆಯ ಕಟ್ಟಿನ ಗಟ್ಟಿತನ, ಧಾರವಾಡದ ಕಡಲೆಬೇಳೆಯ ಕಂಪು, ಹೂರಣದ ಬೆಲ್ಲದ ಸಿಹಿ, ಮೆಣಸಿನ ಖಾರ, ಕೊನೆಗೆ ಹಲ್ಲು ಜುಮ್ಮೆನ್ನಿಸುವ ಮಾವಿನ ಹುಳಿ. ಒಬ್ಬಟ್ಟನ್ನು ತುಪ್ಪದಲ್ಲಿ ಅದ್ದಿ ತಿಂದೆ. ಆದರೆ ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದು ಸಾರನ್ನು.

ರಾತ್ರಿ ಒಲೆಯ ಮುಂದೆ ಕೂತಾಗ ಅಜ್ಜಿ ನನ್ನನ್ನು ಹತ್ತಿರ ಕರೆದು ಹೇಳಿದ್ದು ಇಷ್ಟು: "ಒಬ್ಬಟ್ಟಿಗೂ ಸಾರಿಗೂ ಒಂದೇ ಪಾತ್ರೆ ಮಗ. ಬೇಳೆ ಸಿಹಿಗೆ ಹೋಗುತ್ತೆ, ನೀರು ಖಾರಕ್ಕೆ ಹೋಗುತ್ತೆ. ಎರಡರಲ್ಲಿ ಒಂದನ್ನ ಚೆಲ್ಲಿದರೂ ಹಬ್ಬ ಅರ್ಧ." ಆ ವರ್ಷದಿಂದ ಆಕೆ ಇರುವವರೆಗೂ ನಮ್ಮ ಮನೆಯ ಯುಗಾದಿ ಸಾರಿಗೆ ಹುಣಸೇಹಣ್ಣು ಬೀಳಲಿಲ್ಲ. ಬಾವಿ ಮನೆಯ ಮಾವಿನಕಾಯಿ ತಾನಾಗಿ ಬರುತ್ತಿತ್ತು, ನಮ್ಮ ಮನೆಯ ಸಾರು ತಾನಾಗಿ ಹೋಗುತ್ತಿತ್ತು.

ಈಗ ನಾನು ಬೆಂಗಳೂರಿನಲ್ಲಿದ್ದೇನೆ. ಹೋಳಿಗೆ ಮಾಡಿ ಮಾರುವ ಅಂಗಡಿಗಳು ಬಡಾವಣೆಗೊಂದು ಇವೆ. ಹಬ್ಬದ ಹಿಂದಿನ ಸಂಜೆ ಅಲ್ಲಿ ಸಾಲು ನಿಲ್ಲುತ್ತದೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಅದು ಎಷ್ಟು ದೊಡ್ಡ ಆಸರೆ ಎಂದು ನನಗೆ ಗೊತ್ತು. ಆದರೆ ಅಲ್ಲಿಂದ ತಂದ ಪೊಟ್ಟಣದ ಜೊತೆ ಕಟ್ಟು ಬರುವುದಿಲ್ಲ. ಬೇಳೆಯನ್ನು ಅಳತೆಯ ನೀರಿಟ್ಟು ಕುಕ್ಕರಿನಲ್ಲಿ ಕೂಗಿಸಿದರೂ ಕಟ್ಟು ಸಿಗುವುದಿಲ್ಲ. ಸಿಹಿ ಮನೆಗೆ ಬರುತ್ತದೆ, ಅದರ ಜೋಡಿ ಎಲ್ಲೋ ಉಳಿದುಹೋಗುತ್ತದೆ. ಹಾಗಾಗಿ ನಾನು ವರ್ಷಕ್ಕೊಮ್ಮೆಯಾದರೂ ಬೇಳೆಯನ್ನು ಬಾಯಿ ತೆರೆದ ಪಾತ್ರೆಯಲ್ಲೇ ಬೇಯಿಸುತ್ತೇನೆ. ಬಸಿಯುವಾಗ ನನ್ನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇದು ಕಟ್ಟು ಎಂದು ಹೆಸರು ಹೇಳಿ ತೋರಿಸುತ್ತೇನೆ. ನನಗೆ ಯಾರೂ ಹಾಗೆ ತೋರಿಸಿರಲಿಲ್ಲ.

ಪ್ರಭವ ಮತ್ತೆ ಬರುವುದು 2047ರಲ್ಲಿ. ಅಷ್ಟು ದೂರದ ಮಾತು ಬೇಡ. ಬರುವ ಯುಗಾದಿಗೆ ನೀವು ಒಂದು ಪಾವು ಬೇಳೆಯನ್ನಾದರೂ ಮನೆಯಲ್ಲಿ ಬೇಯಿಸಿ, ಕಟ್ಟು ಬಸಿದಿಟ್ಟುಕೊಳ್ಳಿ. ಮಾವಿನಕಾಯಿ ಸಿಕ್ಕರೆ ಹುಣಸೇಹಣ್ಣು ಪಕ್ಕಕ್ಕಿಡಿ. ನಿಮ್ಮ ಬೀದಿಯಲ್ಲಿ, ನಿಮ್ಮ ಮಹಡಿಯಲ್ಲಿ ಆ ವರ್ಷ ತೋರಣ ಕಟ್ಟದ ಬಾಗಿಲೊಂದಿದ್ದರೆ, ಸಾರಿನ ಮೊದಲ ಸೌಟು ಆ ಮನೆಗೆ ಹೋಗಲಿ.