ಅಪ್ಪನ ಯೆಜ್ಡಿ

ಅರಮನೆ, ಅಂಬಾರಿ, ಮಲ್ಲಿಗೆಗಳಿಗೆ ಹೆಸರಾದ ನಮ್ಮ ಮೈಸೂರಿನಲ್ಲಿ ಮೋಟಾರು ಸೈಕಲ್ಲಿಗೂ ಒಂದು ಇತಿಹಾಸವಿದೆಯೆಂದರೆ ಹೊರಗಿನವರು ನಗುತ್ತಾರೆ. ನಗಲಿ. ಆ ಇತಿಹಾಸ ನಮ್ಮ ಹಿತ್ತಿಲ ಮಾಡಿನಡಿಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು.

ಕಳೆದ ದಸರೆಗೆ ಸೋದರಮಾವ ಬೆಂಗಳೂರಿನಿಂದ ಹೊಸ ಗಾಡಿಯೇರಿ ಬಂದರು. 650 ಸಿ.ಸಿ. ಎಂಜಿನ್ನು, ಜೋಡಿ ಸಿಲಿಂಡರು, ತಗ್ಗಾದ ಅಗಲ ಆಸನ. ಕಾಲು ಮುಂದಕ್ಕೆ ಚಾಚಿ ಆರಾಮಕುರ್ಚಿಯಲ್ಲಿ ಒರಗಿದಂತೆ ಕುಳಿತು ಊರೂರು ಸುತ್ತಬಹುದು. ಗುಂಡಿ ಒತ್ತಿದರೆ ಸಾಕು, ಗುಡುಗುತ್ತದೆ. ನನ್ನನ್ನೂ ಕೂರಿಸಿಕೊಂಡು ಒಂದು ಸುತ್ತು ಹೋದರು. ಸುಖವೆಂದರೆ ಸುಖವೇ; ಅಲ್ಲವೆನ್ನಲಾರೆ.

ಮರಳಿ ಬಂದಮೇಲೆ ಮಾವ ಹಿತ್ತಿಲತ್ತ ನೋಡಿ, “ಇದನ್ನಿನ್ನೂ ಗುಜರಿಗೆ ಹಾಕಿಲ್ಲವೇ ಭಾವ?” ಎಂದರು. ಅಪ್ಪ ಮಾತಾಡಲಿಲ್ಲ. ಕಾಫಿಯ ಲೋಟ ಕೆಳಗಿಟ್ಟು ಒಳಗೆ ಹೋದರು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ್ದು ಜೆಕೊಸ್ಲೊವಾಕಿಯ ದೇಶದ ಜಾವಾ ಗಾಡಿ. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು. ಸಿಲಿಂಡರು ಒಂದೇ ಆದರೂ ಹೊಗೆಕೊಳವೆ ಎರಡು; ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಗೇರಿನ ಸನ್ನೆಯನ್ನೇ ಮೇಲೆತ್ತಿ ನಿಲ್ಲಿಸಿದರೆ ಒದೆಯುವ ಸನ್ನೆ! ಅಂದಿನವರಿಗೆ 250 ಸಿ.ಸಿ.ಯೇ ಮಹಾಬಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಹೆಸರೇನೋ ಮರಳಿ ಬಂತು. ಆದರೆ ಆ ಹೊಸ ಗಾಡಿಗಳು ಹುಟ್ಟುವುದು ಮೈಸೂರಿನಲ್ಲಲ್ಲ.

ಅಪ್ಪ ತಮ್ಮ ಮೊದಲ ನೌಕರಿಯ ಉಳಿತಾಯದಿಂದ 1989ರಲ್ಲಿ ಕೊಂಡದ್ದು ಅದು. ಎರಡು ವರ್ಷದ ಹಿಂದೆ ಅವರ ಎಡಮಂಡಿ ಸೋತಿತು. ಯೆಜ್ಡಿಯನ್ನು ಒದೆಯುವುದು ಎಡಗಾಲಿನಿಂದ. ಮಂಡಿಯೊಡನೆ ಗಾಡಿಯೂ ಮೌನವಾಯಿತು.

ಆ ರಾತ್ರಿ ಕೇಳಿದೆ: “ಅಪ್ಪಾ, ನಾನು ಒದೆಯಲೇ?”

“ಹೆಣ್ಣುಹುಡುಗಿ, ಕಾಲಿಗೆ ತಿರುಗಿ ಹೊಡೆದೀತು” ಎಂದರಾದರೂ ಭಾನುವಾರ ಬೆಳಗ್ಗೆ ತಾವೇ ಗೋಣಿತಾಟು ತೆಗೆದರು. ಹಳೆಯ ಪೆಟ್ರೋಲು ಬಸಿದೆವು, ಪ್ಲಗ್ಗು ತಿಕ್ಕಿದೆವು. ಎಷ್ಟು ಒದ್ದೆನೋ ಲೆಕ್ಕವಿಲ್ಲ. ಅಮ್ಮ ತಿಂಡಿಗೆ ಮೂರು ಸಲ ಕರೆದಳು. ಕೊನೆಗೆ ನೀಲಿಹೊಗೆ ಉಗುಳಿ ಅದು ಡುಗುಡುಗು ಎಂದಿತು. ಅಪ್ಪ ಗೋಡೆಯತ್ತ ತಿರುಗಿ ನಿಂತು ಕನ್ನಡಕ ಒರೆಸಿಕೊಂಡರು.

ಓಡಿಸಲು ಕಲಿಯಲು ತಿಂಗಳಾಯಿತು. ಈಗ ಭಾನುವಾರಗಳಲ್ಲಿ ನಾನು ಮುಂದೆ, ಅವರು ಹಿಂದೆ. ಯಾದವಗಿರಿ ಬಂದರೆ ನನ್ನ ಹೆಗಲು ತಟ್ಟುತ್ತಾರೆ. ನಿಧಾನಿಸುತ್ತೇನೆ. ಏನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.